ಗೇಟ್ ಪರೀಕ್ಷೆಯೂ ಮನೆಯವರೂ

ಪೀಣ್ಯದ ಕಾರ್ಖಾನೆಗಳಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿಯೂ ಇರುವ ನಮ್ಮ ಪೂರ್ವವಿದ್ಯಾರ್ಥಿನಿಯರು ಎಂ.ಟೆಕ್. ಪ್ರವೇಶಕ್ಕಾಗಿ ಗೇಟ್ ಪರೀಕ್ಷೆಗೆ ಕುಳಿತು, ಅಂಕ ಸಾಲದೆ, ಮತ್ತಷ್ಟು ಪುಸ್ತಕಗಳನ್ನು ಕೊಳ್ಳುತ್ತಾರೆ. ಕೊರತೆಯು ಪುಸ್ತಕಗಳದ್ದಲ್ಲವೆಂದು ನಮ್ಮ ಅಭಿಪ್ರಾಯ. 3 ಗಂಟೆಗಳಲ್ಲಿ 65 ಪ್ರಶ್ನೆಗಳು. ಹಳೆಯ ಪ್ರಶ್ನಪತ್ರಿಕೆಯನ್ನು ಗಡಿಯಾರವಿಟ್ಟುಕೊಂಡು ಬಿಡಿಸಿ, ತಪ್ಪಿದ್ದೇಕೆಂದು ಬರೆದಿಡುವುದೇ ಮೇಲು. ನಾಲ್ಕರಲ್ಲೊಂದನ್ನು ಆರಿಸುವ ಪ್ರಶ್ನೆ ತಪ್ಪಿದರೆ ಅದರ ಅಂಕದ ಮೂರರಲ್ಲೊಂದು ಪಾಲನ್ನು ಕಳೆಯುವರು. ಆದುದರಿಂದ ಕುರುಡು ಊಹೆಗೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದುತ್ತರವಾದರೂ ಖಂಡಿತ ತಪ್ಪೆಂದು ತಿಳಿದಿದ್ದರೆ ಊಹಿಸಬಹುದು. ಸಂಖ್ಯೆಯನ್ನೇ ಕೊಡಬೇಕಾದ ಪ್ರಶ್ನೆಗಳಿಗೆ ಈ ದಂಡವಿಲ್ಲ. ಅವನ್ನು ಖಾಲಿ ಬಿಡುವುದೇಕೋ!

ತಾಯಿತಂದೆಗಳೇ, ಕಂಪೆನಿಯ ಬಸ್ಸಿನಿಂದಿಳಿದು ಬಂದ ಮಗನ ಕೈಗೆ ಕಾಫಿಯನ್ನೂ ಮಗಳ ಕೈಗೆ ಸೌಟನ್ನೂ ಕೊಡುವ ಮನೆಯಲ್ಲಿ ಈ ಮಾತುಗಳೆಲ್ಲ ವ್ಯರ್ಥ. ಆಕೆಗೆ ದಿನಕ್ಕೆರಡು ಗಂಟೆ ಬಿಟ್ಟುಕೊಡಿರಿ. ಗೇಟ್ ಅಂಕವು 3 ವರ್ಷ ಸಲ್ಲುತ್ತದೆ. ಮದುವೆಯ ಸಂಭ್ರಮ ಮುಗಿದ ಮೇಲೂ ಆಕೆಯು ಎಂ.ಟೆಕ್. ಸೇರಬಹುದು.