ಸಂಸಾರ ವಿಚಾರ: ದಿನಕ್ಕೊಂದು ಮೆಚ್ಚುಗೆ

ಆಶ್ವಯುಜ ಮಾಸದ ಹುಣ್ಣಿಮೆಯಂದು ಶಿಕಾರಿಪುರ, ಸೊರಬದ ಕಡೆಯ ಒಕ್ಕಲು ಮನೆಗಳಲ್ಲಿ ಭೂಮಿಹುಣ್ಣಿಮೆಯ ಹಬ್ಬವು ನಡೆಯುವುದು. ತೆನೆ ತುಂಬಲಿರುವ ಬತ್ತದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಆಕೆಗೆ ಬಯಕೆಯೂಟವನ್ನು ಬಡಿಸುವ ಹಬ್ಬವಿದು. ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣನ್ನು ಬಳಿದು, ಅದರ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ ಚಿತ್ತಾರವನ್ನು ಬರೆಯುವರು. ಇದಕ್ಕೆ ಭೂಮಣ್ಣಿ ಬುಟ್ಟಿಯೆಂದು ಹೆಸರು. ರಾತ್ರಿಯೆಲ್ಲ ಎಚ್ಚತ್ತಿದ್ದು ಅಡುಗೆ ಮಾಡುವರು. ಬೆಳಗಾದೊಡನೆ ಮನೆಮಂದಿಯೆಲ್ಲ ಗದ್ದೆಗೆ ಹೋಗಿ, ಪೈರನ್ನು ಪೂಜಿಸಿ, ಭೂತಾಯಿಗೆ ಎಡೆಯಿಟ್ಟು, ಅಲ್ಲಿಯೇ ಕುಳಿತು ಉಣ್ಣುವರು. ಅನ್ನವಿಕ್ಕುವವಳಿಗೆ ಮೊದಲು ಅನ್ನವಿಕ್ಕಿ ಆಮೇಲೆ ತಾವು ಉಣ್ಣುವ ಈ ಪದ್ಧತಿಯು ಎಷ್ಟು ಅಂದವಾದುದು!

ಆದರೆ ವಾಚಕರಲ್ಲಿ ನಮ್ಮದೊಂದು ಪ್ರಶ್ನೆಯುಂಟು. ಹಬ್ಬವಾವುದೇ ಇರಲಿ, ನಿದ್ದೆಗೆಟ್ಟು ಅಡುಗೆ ಮಾಡಿದವಳಿಗೆ ನಮ್ಮ ಮನೆಗಳಲ್ಲಿ ಒಂದು ಒಳ್ಳೆಯ ಮಾತು ಸಲ್ಲುವುದೆ? ಸಾರಿಗೆ ಉಪ್ಪು ಹೆಚ್ಚಾದ ದಿನ ಪಂಕ್ತಿಯೆಲ್ಲ ಬಾಯಿ ತೆರೆಯುವುದು. ಹದವಾಗಿದ್ದ ಉಳಿದ ದಿನಗಳಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ದುಡಿದು ತರುವ ಗಂಡಸಿನ ಪಾಡೂ, ಹೇಳಿದ ಕೆಲಸವನ್ನು ಮಾಡಿ ಮುಗಿಸುವ ಮಗುವಿನ ಪಾಡೂ ಅನೇಕ ಕಡೆಗಳಲ್ಲಿ ಇದೇ ಆಗಿದೆ. “ಮನೆಯವರಿಗೆಂತಹ ಉಪಚಾರ?” ಎಂಬುದು ನಮ್ಮ ಹಿರಿಯರ ಮಾತು. ಉಪಚಾರದ ಮಾತು ಬೇಡವೆಂಬುದು ಸರಿಯೇ. ಆದರೆ ಉಪಚಾರ ಬೇರೆ, ಗುರುತಿಸುವುದು ಬೇರೆ. ತನ್ನ ಶ್ರಮವು ತನ್ನವರ ಕಣ್ಣಿಗೇ ಬೀಳಲಿಲ್ಲವೆಂದು ಕೊರಗುವ ಮನಸ್ಸು ಒಂದು ದಿನ ಒಳಗೊಳಗೇ ಒಣಗಿಹೋಗುವುದು.

ಹೇಗೆ ಮೆಚ್ಚಬೇಕೆಂಬುದನ್ನು ಇದೇ ಸೀಮೆಯ ಕಲ್ಲುಗಳಿಂದ ಕಲಿಯಬಹುದು. ಶಿಕಾರಿಪುರದ ಶಾಸನಗಳನ್ನು 1902ರಲ್ಲಿಯೂ ಸೊರಬದವನ್ನು 1904ರಲ್ಲಿಯೂ ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿ ವೀರಗಲ್ಲುಗಳು ಹೇರಳವಾಗಿವೆ. ಬರಹವುಳ್ಳ ವೀರಗಲ್ಲು ಸಾಮಾನ್ಯವಾಗಿ ಸತ್ತವನ ಹೆಸರನ್ನೂ ಅವನು ಮಾಡಿದ ಕಾರ್ಯವನ್ನೂ ಹೇಳುವುದು. ಕಳ್ಳರು ಹೊಡೆದೊಯ್ದ ತುರುಗಳನ್ನು ಮರಳಿಸಲು ಕಾದಿದನೆಂದು ತಿಳಿಸುವುದು. ಬಂದಳಿಕೆಯ ಶಾಸನವೊಂದರಲ್ಲಿ ಜಕ್ಕಿಯಬ್ಬೆಯ ಸಂಗತಿಯಿದೆ. 10ನೆಯ ಶತಮಾನದ ಆರಂಭದಲ್ಲಿ ಗಂಡನು ತೀರಿಕೊಂಡ ಬಳಿಕ, ಅವನ ನಾಳ್ಗಾವುಂಡ ಪದವಿಯು ಆಕೆಗೆ ಬಂದಿತು. ನಾಗರಖಂಡ 70ನ್ನು ಆಕೆ ಸಮರ್ಥಳಾಗಿ ಆಳಿದಳೆಂದು ಕಲ್ಲು ಸಾರುತ್ತದೆ. ಸಾವಿರ ವರ್ಷಗಳಾದರೂ ಆಕೆ ಇಂತಹ ಕೆಲಸವನ್ನು ಮಾಡಿದಳೆಂದು ನಾವು ಹೇಳಬಲ್ಲೆವು.

ಇದರ ಗುಟ್ಟಿಷ್ಟೆ: ಹೆಸರು ಹಿಡಿದು, ಮಾಡಿದ್ದನ್ನು ಎತ್ತಿ ಹೇಳುವುದು. “ನೀನು ಬಹಳ ಒಳ್ಳೆಯವಳು” ಎಂದರೆ ಗಾಳಿಯ ಮಾತಾಯಿತು. “ಅತ್ತೆಯವರಿಗೆ ಜ್ವರ ಬಂದ ರಾತ್ರಿ ನೀನು ಎರಡು ಸಲ ಎದ್ದು ಗಂಜಿ ಕಾಯಿಸಿದೆ, ನಾನು ನೋಡಿದೆ” ಎಂದರೆ ಕಲ್ಲಿನಲ್ಲಿ ಕೊರೆದಂತೆ. ಮಗುವಿಗೆ “ಜಾಣ” ಎಂದರೆ ಸಾಲದು. “ಕೇಳದೆಯೇ ತಮ್ಮನಿಗೆ ಪಾಠ ಹೇಳಿಕೊಟ್ಟೆ” ಎಂದರೆ, ಮಾಡತಕ್ಕದ್ದು ಯಾವುದೆಂದು ಅದಕ್ಕೆ ತಿಳಿಯುವುದು.

ಅಭ್ಯಾಸಕ್ಕೆ ರಾತ್ರಿಯ ಊಟದ ಹೊತ್ತು ಯೋಗ್ಯವಾದುದು. ಕೈತೊಳೆಯುವ ಮುನ್ನ ಪ್ರತಿಯೊಬ್ಬರೂ ಅಂದು ಮನೆಯಲ್ಲಿ ಕಂಡ ಒಂದು ಒಳ್ಳೆಯ ಕೆಲಸವನ್ನು ಹೇಳಲಿ. ಮೊದಲು ಯಜಮಾನನೇ ಆರಂಭಿಸಲಿ. ಸಂಕೋಚವು ನಾಲ್ಕು ದಿನದ್ದು. ಸುಳ್ಳು ಹೊಗಳಿಕೆ ಬೇಡ. ಮಕ್ಕಳು ಅದನ್ನು ಕೂಡಲೇ ಹಿಡಿಯುವರು. ಇನ್ನೊಂದು ಮಾತು: ಹೊಗಳಿ ಎಲೆಯ ಮುಂದಿನಿಂದ ಎದ್ದುಹೋದರೆ ಫಲವಿಲ್ಲ. ಮೆಚ್ಚಿದ ಬಾಯಿಯೊಡನೆ ಎಂಜಲೆಲೆ ಎತ್ತುವ ಕೈಯೂ ಸೇರಬೇಕು.

ವೀರಗಲ್ಲನ್ನು ನೆಡುವುದು ವೀರನು ಮಡಿದ ಮೇಲೆ. ಮನೆಯವರ ವಿಷಯದಲ್ಲಿ ಅಷ್ಟು ಕಾಯುವುದು ತರವಲ್ಲ. ಅವರ ಕಿವಿ ಕೇಳುವಾಗಲೇ ಆಡಿದ ಮಾತು ಅವರಿಗೆ ಸಲ್ಲುವುದು.