‘ಓಡಿಹೋದಳು’ ಎನ್ನುವ ಮೊದಲು

ಒಬ್ಬ ಹೆಂಗಸು ಎರಡು ದಿನ ಕಣ್ಣಿಗೆ ಬೀಳದಿದ್ದರೆ ಸಾಕು, ನಲ್ಲಿಯ ಮುಂದಿನ ಸಾಲಿನಲ್ಲಿ, ಹಿಟ್ಟಿನ ಗಿರಣಿಯಲ್ಲಿ, ಬಸ್ ನಿಲ್ದಾಣದಲ್ಲಿ ಮಾತು ಶುರುವಾಗುತ್ತದೆ. “ಯಾರ ಜೊತೆಗೋ ಹೋಗಿರಬೇಕು.” “ಫೋನು ಕಿವಿಯಿಂದ ಇಳೀತಿರಲಿಲ್ಲ, ಅವತ್ತೇ ಅಂದುಕೊಂಡೆ.” “ಸಾಲ ಜಾಸ್ತಿ ಆಗಿತ್ತಂತೆ.” ಇನ್ನು ಕೆಲವರು ದನಿ ತಗ್ಗಿಸಿ, “ಗಂಡನೇ ಮುಗಿಸಿರಬೇಕು” ಎನ್ನುತ್ತಾರೆ. ವಾರ ಕಳೆಯುವುದರೊಳಗೆ ಊರಿಗೆಲ್ಲ ಉತ್ತರ ಗೊತ್ತಿರುತ್ತದೆ. ಗೊತ್ತಿಲ್ಲದಿರುವುದು ಒಂದೇ: ಆ ಹೆಂಗಸು ಎಲ್ಲಿದ್ದಾಳೆ ಎಂಬುದು.

ಗೆಳತಿಯರೇ, ಹೀಗೆ ಮಾತಾಡುವವರಲ್ಲಿ ನಾವೂ ಇದ್ದೇವೆ. ಅದನ್ನು ಒಪ್ಪಿಕೊಂಡೇ ಈ ವಿಷಯಕ್ಕೆ ಬರೋಣ.

ನಮ್ಮಲ್ಲಿ ಹಿರಿಯರಿಗೆ ನೆನಪಿರುತ್ತದೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಪತ್ರಿಕೆಯ ಮೂಲೆಯಲ್ಲಿ ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂದು ನಾಲ್ಕು ಸಾಲು ಬರುತ್ತಿತ್ತು. ಸೊಸೆಗೇ ಸಿಡಿಯುವ ಸ್ಟೋವು ಅತ್ತೆಗೆ ಯಾಕೆ ಸಿಡಿಯುವುದಿಲ್ಲ ಎಂದು ಕೇಳಿದವರು ಮಹಿಳಾ ಸಂಘಟನೆಗಳವರು. ಆ ಪ್ರಶ್ನೆ ಬೀದಿಗೆ ಬಂದ ಮೇಲೆಯೇ 1983ರಲ್ಲಿ 498ಎ, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮುಗಳು ಬಂದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು 85 ಮತ್ತು 80ನೇ ಕಲಮುಗಳಾಗಿವೆ. ಕಾಣೆಯಾದ ಹೆಂಗಸಿನ ವಿಷಯದಲ್ಲಿ ‘ಓಡಿಹೋದಳು’ ಎಂಬ ಮಾತು ಇವತ್ತಿಗೂ ಅದೇ ಸ್ಟೋವಿನ ಕೆಲಸ ಮಾಡುತ್ತಿದೆ. ಒಂದು ಮಾತಿನಲ್ಲಿ ವಿಚಾರಣೆ ಮುಗಿಯುತ್ತದೆ, ತಪ್ಪು ಅವಳ ಮೇಲೆಯೇ ಉಳಿಯುತ್ತದೆ.

ಬೆಂಗಳೂರಿನ ಶಾಕಿರೆ ಖಲೀಲಿಯವರ ಪ್ರಕರಣವನ್ನೇ ನೋಡಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ಆಸ್ತಿವಂತೆ, ಓದಿದವರು. 1986ರಲ್ಲಿ ಅವರು ಶ್ರದ್ಧಾನಂದ ಸ್ವಾಮಿ ಎಂದು ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು ಎರಡನೇ ಮದುವೆಯಾದರು. ಆಸ್ತಿಯ ವ್ಯವಹಾರ ನೋಡಿಕೊಳ್ಳಲು ಅವನಿಗೆ ಅಧಿಕಾರ ಪತ್ರ ಬರೆದುಕೊಟ್ಟಿದ್ದರು. 1991ರ ಮೇ ತಿಂಗಳ ನಂತರ ಅವರು ಯಾರ ಕಣ್ಣಿಗೂ ಬೀಳಲಿಲ್ಲ.

ತಾಯಿ ಎಲ್ಲಿ ಎಂದು ಮಗಳು ಕೇಳಿದಾಗಲೆಲ್ಲ ಅವನ ಬಳಿ ಒಂದು ಉತ್ತರ ಸಿದ್ಧವಿತ್ತು. ಒಮ್ಮೆ, ಹೈದರಾಬಾದಿನ ಶ್ರೀಮಂತರ ಮನೆಯ ಮದುವೆಗೆ ಹೋಗಿದ್ದಾಳೆ ಎಂದ. ಇನ್ನೊಮ್ಮೆ, ಬಸುರಿಯಾಗಿ ಅಮೆರಿಕದ ಆಸ್ಪತ್ರೆಯಲ್ಲಿದ್ದಾಳೆ ಎಂದ. ಮಗಳು ಆ ಆಸ್ಪತ್ರೆಯಲ್ಲಿ ವಿಚಾರಿಸಿದರೆ ಅಂಥ ಹೆಸರಿನವರೇ ಅಲ್ಲಿರಲಿಲ್ಲ. ಮುಂದೆ ಅವನು ಇಳಿದುಕೊಂಡಿದ್ದ ಹೋಟೆಲಿನ ಕೋಣೆಯಲ್ಲಿ ತಾಯಿಯ ಪಾಸ್‌ಪೋರ್ಟೇ ಅವಳ ಕಣ್ಣಿಗೆ ಬಿತ್ತು. ಪಾಸ್‌ಪೋರ್ಟು ಇಲ್ಲೇ ಇದ್ದರೆ ತಾಯಿ ಹೊರದೇಶಕ್ಕೆ ಹೋಗಿದ್ದು ಹೇಗೆ? 1992ರ ಜೂನ್‌ನಲ್ಲಿ ಮಗಳು ಪೊಲೀಸರಿಗೆ ದೂರು ಕೊಟ್ಟಳು. 1994ರ ಮಾರ್ಚ್ 30ರಂದು ಶಾಕಿರೆಯವರ ಅಸ್ಥಿ ಅವರದೇ ರಿಚ್‌ಮಂಡ್ ರಸ್ತೆಯ ಮನೆಯ ಅಂಗಳದಲ್ಲಿ ಸಿಕ್ಕಿತು. ಮತ್ತು ಬರಿಸಿ, ಮರದ ಪೆಟ್ಟಿಗೆಯಲ್ಲಿಟ್ಟು ಹೂತು, ಮೇಲೆ ಕಲ್ಲು ಹಾಸಲಾಗಿತ್ತು. 2008ರಲ್ಲಿ ಸುಪ್ರೀಂ ಕೋರ್ಟು ಅವನಿಗೆ ಸಾಯುವತನಕ ಬಿಡುಗಡೆಯಿಲ್ಲದ ಜೀವಾವಧಿ ಶಿಕ್ಷೆ ವಿಧಿಸಿತು.

ಮೂರು ವರ್ಷ. ಅಷ್ಟು ಕಾಲ ಒಂದು ಸುಳ್ಳು ಬಾಳಿದ್ದು ಹೇಗೆ? ಹೆಂಗಸು ಹೇಳದೆ ಕೇಳದೆ ಎಲ್ಲಿಗೋ ಹೋಗಿಬಿಡುತ್ತಾಳೆ ಎಂಬುದನ್ನು ನಂಬಲು ಈ ಸಮಾಜ ಯಾವಾಗಲೂ ತಯಾರಾಗಿರುತ್ತದೆ. ಕೊಂದವನು ಹೊಸ ಕಥೆ ಕಟ್ಟಬೇಕಾಗಿಲ್ಲ, ಊರು ಕಟ್ಟಿಟ್ಟ ಕಥೆಯನ್ನೇ ಎತ್ತಿಕೊಂಡರಾಯಿತು. ಇಲ್ಲಿ ಗುಟ್ಟು ಬಯಲಾದದ್ದು ಊಹೆಯಿಂದಲ್ಲ. ಮಗಳು ಒಂದೊಂದು ಮಾತನ್ನೂ ಪರೀಕ್ಷೆ ಮಾಡಿದ್ದರಿಂದ, ಕೇಳುವುದನ್ನು ನಿಲ್ಲಿಸದೆ ಇದ್ದುದರಿಂದ.

ಹಾಗಾದರೆ ಹೆಂಡತಿ ಕಾಣೆಯಾದ ಪ್ರತಿಯೊಬ್ಬ ಗಂಡನೂ ಕೊಲೆಗಾರನೇ? ಇದಕ್ಕೆ ಉತ್ತರವಾಗಿ ಇನ್ನೊಂದು ಪ್ರಕರಣ ಹೇಳಬೇಕು. ಕೊಡಗಿನ ಆದಿವಾಸಿ ಸಮುದಾಯದ ಒಬ್ಬ ಕೂಲಿಕಾರನ ಹೆಂಡತಿ 2020ರಲ್ಲಿ ಕಾಣೆಯಾದಳು. ದೂರು ಕೊಟ್ಟವನು ಅವನೇ. ಮೈಸೂರು ಜಿಲ್ಲೆಯ ಬೆಟ್ಟದಪುರದ ಬಳಿ ಸಿಕ್ಕ ಒಂದು ಅಸ್ಥಿಪಂಜರ ಅವಳದೇ ಎಂದು ತೀರ್ಮಾನಿಸಿ ಅವನ ಮೇಲೆ ಕೊಲೆ ಮೊಕದ್ದಮೆ ಹೂಡಲಾಯಿತು. ಸುಮಾರು ಒಂದೂವರೆ ವರ್ಷ ಅವನು ಜೈಲಿನಲ್ಲಿದ್ದ. ಡಿಎನ್‌ಎ ಪರೀಕ್ಷೆಯಲ್ಲಿ ಆ ಎಲುಬು ಅವಳದಲ್ಲ ಎಂದು ಬಂದರೂ ಮೊಕದ್ದಮೆ ನಡೆಯುತ್ತಲೇ ಇತ್ತು. 2025ರ ಏಪ್ರಿಲ್‌ನಲ್ಲಿ ಅವಳು ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿತು.

ಈ ಸುದ್ದಿ ಬಂದಾಗ, “ನೋಡಿದಿರಾ, ಹೆಂಗಸರೇ ಹೀಗೆ” ಎಂದವರು ಬಹಳ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಆ ಎಲುಬುಗಳು ಅವಳವಲ್ಲ ಎಂದ ಮೇಲೆ ಅವು ಯಾರವು? ಆ ಜೀವಕ್ಕೂ ಒಂದು ಹೆಸರಿತ್ತು, ಕಾಯುವವರು ಇದ್ದಿರಬೇಕು. ಅಸ್ಥಿಪಂಜರ ಇವಳದೇ ಎಂದು ತೀರ್ಮಾನಿಸಿದ ದಿನವೇ ಆ ಇನ್ನೊಂದು ಜೀವದ ಹುಡುಕಾಟ ಮುಚ್ಚಿಹೋಗಿತ್ತು. ಒಂದು ತಪ್ಪು ಊಹೆ ಬಡ ಕೂಲಿಕಾರನನ್ನು ಜೈಲಿಗೆ ಹಾಕಿತು, ಸತ್ತವರನ್ನು ಹೇಳಹೆಸರಿಲ್ಲದಂತೆ ಮಾಡಿತು.

ಆದ್ದರಿಂದ ‘ಓಡಿಹೋದಳು’ ಎನ್ನುವುದೂ ಬೇಡ, ‘ಅವನೇ ಕೊಂದ’ ಎನ್ನುವುದೂ ಬೇಡ. ಹಾಗೆಂದು ‘ನಮಗ್ಯಾಕೆ ಬೇರೆಯವರ ಮನೆ ವಿಷಯ’ ಎಂದು ಸುಮ್ಮನಿರುವುದಂತೂ ಬೇಡವೇ ಬೇಡ. ಕೇಳಬೇಕು. ಅವಳನ್ನು ಕೊನೆಗೆ ನೋಡಿದವರು ಯಾರು? ಯಾವ ದಿನ? ಅವಳ ಬಟ್ಟೆ, ಒಡವೆ, ಆಧಾರ್ ಕಾರ್ಡು, ಪಾಸ್‌ಬುಕ್ಕು ಎಲ್ಲಿವೆ? ಮಕ್ಕಳನ್ನು ಬಿಟ್ಟು ಹೋಗುವ ಮಾತು ಎಂದಾದರೂ ಆಡಿದ್ದಳೇ? ತವರಿನಿಂದ ದುಡ್ಡು ತಾ ಎಂಬ ಒತ್ತಾಯವಿತ್ತೇ? ಇಂಥ ಒಂದು ಪ್ರಶ್ನೆ ನೂರು ಊಹೆಗಿಂತ ದೊಡ್ಡದು.

ಕಾನೂನಿನ ಒಂದು ಕೊರತೆಯನ್ನೂ ತಿಳಿದಿರಬೇಕು. ಮದುವೆಯಾದ ಏಳು ವರ್ಷದೊಳಗೆ ಹೆಂಗಸು ಅನುಮಾನಾಸ್ಪದವಾಗಿ ಸತ್ತರೆ ಶವದ ತನಿಖೆ, ಮರಣೋತ್ತರ ಪರೀಕ್ಷೆ ನಡೆಯುತ್ತದೆ. ವರದಕ್ಷಿಣೆ ಕಿರುಕುಳ ಇತ್ತೆಂದು ತೋರಿಸಿದರೆ ಗಂಡನ ಮನೆಯವರೇ ಉತ್ತರ ಹೇಳಬೇಕು. ಆದರೆ ಶವವೇ ಸಿಗದಿದ್ದರೆ? ಪಂಚನಾಮೆಯಿಲ್ಲ, ಪರೀಕ್ಷೆಯಿಲ್ಲ. ಠಾಣೆಯ ಪುಸ್ತಕದಲ್ಲಿ ‘ಮಹಿಳೆ ಕಾಣೆ’ ಎಂಬ ಒಂದು ಸಾಲು, ಒಂದು ಫೋಟೋ, ಅಷ್ಟೆ. ಮಕ್ಕಳು ಕಾಣೆಯಾದರೆ ಅಪಹರಣವೆಂದೇ ಭಾವಿಸಿ ಎಫ್‌ಐಆರ್ ಹಾಕಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಆದೇಶಿಸಿದೆ. ವಯಸ್ಕ ಹೆಂಗಸಿನ ವಿಷಯದಲ್ಲಿ “ಎಲ್ಲಿಗೆ ಹೋಗ್ತಾಳೆ, ನಾಲ್ಕು ದಿನ ನೋಡಿ” ಎಂಬ ಮಾತಿಗೆ ಇನ್ನೂ ಜಾಗವಿದೆ. 2019ರಿಂದ 2021ರವರೆಗೆ ಮೂರು ವರ್ಷದಲ್ಲಿ ದೇಶದಲ್ಲಿ ಕಾಣೆಯಾದ ಹೆಂಗಸರು ಮತ್ತು ಹುಡುಗಿಯರ ಸಂಖ್ಯೆ 13 ಲಕ್ಷ ದಾಟಿತ್ತು ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ಸಂಸತ್ತಿಗೆ ತಿಳಿಸಿದೆ. ಅವರಲ್ಲಿ ಎಷ್ಟೋ ಮಂದಿ ಮರಳಿ ಬಂದಿರುತ್ತಾರೆ. ಬರದವರ ಲೆಕ್ಕವನ್ನು ಯಾರು ಇಡಬೇಕು?

ನಾವೂ ಇಡಬಹುದು. ಸ್ವಸಹಾಯ ಸಂಘಗಳ ಕೈಯಲ್ಲಿ ಬೇರೆಯವರ ಬಳಿ ಇಲ್ಲದ ಒಂದು ಸಾಧನವಿದೆ, ಅದು ಹಾಜರಿ ಪುಸ್ತಕ. ಅವಳು ಕೊನೆಗೆ ಸಹಿ ಹಾಕಿದ್ದು ಯಾವ ತಾರೀಖು, ಉಳಿತಾಯದ ಹಣ ಕಟ್ಟಿದ್ದು ಎಂದು, ಸಾಲ ಪಡೆದದ್ದು ಯಾತಕ್ಕೆ ಎಂಬುದೆಲ್ಲ ಅದರಲ್ಲಿದೆ, ನಡಾವಳಿಯಲ್ಲಿದೆ. ಯಾರಾದರೂ ಮೈಮೇಲೆ ಗಾಯ ಮಾಡಿಕೊಂಡು ಸಭೆಗೆ ಬಂದರೆ, “ದುಡ್ಡಿಗಾಗಿ ಹೊಡೆಯುತ್ತಾರೆ” ಎಂದು ಹೇಳಿಕೊಂಡರೆ, ಅವಳ ಒಪ್ಪಿಗೆ ಪಡೆದು ತಾರೀಖಿನ ಸಮೇತ ಬರೆದಿಡಿ. ನಾಳೆ ಅವಳೇ ಕಾಣದಾದಾಗ ಆ ಬರಹ ಮಾತಾಡುತ್ತದೆ. ವಿಚಾರಣೆ ಬಂದಾಗ ಕಣ್ಣಾರೆ ಕಂಡದ್ದನ್ನು, ಅವಳ ಬಾಯಿಂದಲೇ ಕೇಳಿದ್ದನ್ನು ಮಾತ್ರ ಹೇಳಿ. ಅವರಿವರು ಅಂದದ್ದನ್ನು ಸೇರಿಸಿದರೆ ನಿಜವಾದ ಸಾಕ್ಷಿಯೂ ಸಡಿಲಾಗುತ್ತದೆ.

ದೂರು ಕೊಡಲು 24 ಗಂಟೆ ಕಾಯಬೇಕು ಎಂಬುದು ಸುಳ್ಳು, ಅಂಥ ಕಾನೂನಿಲ್ಲ. ಬಸ್ ನಿಲ್ದಾಣದ, ಅಂಗಡಿಗಳ ಕ್ಯಾಮೆರಾದ ಚಿತ್ರಗಳು ಕೆಲವೇ ವಾರಗಳಲ್ಲಿ ಅಳಿಸಿಹೋಗುತ್ತವೆ. ಆದ್ದರಿಂದ ತಡಮಾಡಬಾರದು. ಕಿರುಕುಳವಿತ್ತೆಂಬ ಅನುಮಾನವಿದ್ದರೆ ದೂರಿನಲ್ಲಿಯೇ ಅದನ್ನು ಬರೆಯಿಸಿ, ಬರೀ ‘ಕಾಣೆ’ ಎಂದು ಬಿಡಬೇಡಿ. ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ‘ನಮ್ಮ ಸರಹದ್ದಲ್ಲ’ ಎಂದು ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿಯನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಕೊಡಬೇಕು. ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅವಳನ್ನು ಯಾರೋ ಅಕ್ರಮವಾಗಿ ಕೂಡಿಹಾಕಿದ್ದಾರೆ ಎನ್ನಿಸಿದರೆ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.

ಕೊನೆಯದಾಗಿ, ನಮಗೇ ಕಷ್ಟವಾಗುವ ಒಂದು ಮಾತು. ಅವಳು ನಿಜವಾಗಿಯೂ ತಾನಾಗಿ ಹೋಗಿದ್ದರೆ? ಹೊಡೆತ ತಾಳಲಾರದೆ ಉಟ್ಟ ಸೀರೆಯಲ್ಲೇ ಬಸ್ ಹತ್ತಿದ್ದರೆ? ಆಗ ನಮ್ಮ ಕೆಲಸ ಅವಳನ್ನು ಹಿಡಿದು ತಂದು ಅದೇ ಮನೆಯ ಹೊಸ್ತಿಲೊಳಗೆ ತಳ್ಳುವುದಲ್ಲ. ಹದಿನೆಂಟು ತುಂಬಿದ ಹೆಂಗಸು ತಾನು ಎಲ್ಲಿರಬೇಕೆಂದು ತಾನೇ ತೀರ್ಮಾನಿಸಬಹುದು. “ಬದುಕಿದ್ದೇನೆ, ವಾಪಸು ಹೋಗುವುದಿಲ್ಲ” ಎಂದು ಅವಳು ಪೊಲೀಸರ ಮುಂದೆ ಹೇಳಿದರೆ ಸಾಕು, ಅವಳ ಇಷ್ಟಕ್ಕೆ ವಿರುದ್ಧವಾಗಿ ವಿಳಾಸವನ್ನು ಯಾರಿಗೂ ಕೊಡಬೇಕಾಗಿಲ್ಲ. ಅವಳು ಬದುಕಿದ್ದಾಳೆಂದು ಗೊತ್ತಾದರೆ ನಮಗೆ ಅಷ್ಟೇ ಬೇಕಾದದ್ದು. ಸಾಲದ ಕಂತಿನ ಮಾತು ಆಮೇಲೆ ಆಡಬಹುದು. ನಾವು ಹಬ್ಬಿಸಿದ ಸುದ್ದಿಯೇ ಅವಳು ಮರಳಿ ಬರುವ ದಾರಿಗೆ ಮುಳ್ಳಾಗಬಾರದು. ಅಮ್ಮನ ಬಗ್ಗೆ ಊರು ಆಡಿದ್ದನ್ನು ಅವಳ ಮಕ್ಕಳು ಶಾಲೆಯಲ್ಲಿ ಕೇಳಬೇಕಾಗುತ್ತದೆ, ಅದನ್ನೂ ನೆನಪಿಡೋಣ.

ಮುಂದಿನ ಸಭೆಯಲ್ಲಿ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ‘ಗೈರು’ ಎಂದು ಬರೆದು ಮುಂದಿನ ಹೆಸರಿಗೆ ಹೋಗಬೇಡಿ. ಎರಡು ವಾರ ಸತತ ಬರದಿದ್ದರೆ ಇಬ್ಬರು ಅವಳ ಮನೆಗೆ ಹೋಗಿ, ಅವಳನ್ನೇ ಕಂಡು ಮಾತಾಡಿಸಿ ಬನ್ನಿ. “ತವರಿಗೆ ಹೋಗಿದ್ದಾಳೆ” ಎಂದರೆ ತವರಿಗೆ ಫೋನು ಮಾಡಿ. ಅಲ್ಲಿಯೂ ಇಲ್ಲವೆಂದರೆ ಅವತ್ತೇ, ಕತ್ತಲಾಗುವುದರೊಳಗೆ, ಹತ್ತು ಜನ ಸೇರಿ ಠಾಣೆಯ ಮೆಟ್ಟಿಲು ಹತ್ತಿ.