ಕೆಲಸವಿಲ್ಲದವರ ಆಟ

ಹೆಂಗಸರು ನಾಲ್ಕು ಜನ ಒಂದು ಕಡೆ ಕೂತರೆ ಅದಕ್ಕೊಂದು ಕಾರಣ ಬೇಕು ಎನ್ನುವುದು ನಮ್ಮ ಕಡೆಯ ಊರುಗಳಲ್ಲಿ ಯಾರೂ ಬರೆದಿಡದ ಕಾನೂನು. ಅರಿಶಿನ ಕುಂಕುಮಕ್ಕೆ ಕೂರಬಹುದು, ಭಜನೆಗೆ ಕೂರಬಹುದು. ಸ್ತ್ರೀಶಕ್ತಿ ಸಂಘದ ಉಳಿತಾಯದ ಪುಸ್ತಕ ಮುಂದಿಟ್ಟುಕೊಂಡು ಕೂರಬಹುದು. ಹಪ್ಪಳ ಒತ್ತುವುದಕ್ಕೋ ಹುಣಸೆಹಣ್ಣು ಬಿಡಿಸುವುದಕ್ಕೋ ಕೂತರಂತೂ ಹಾದಿಯಲ್ಲಿ ಹೋಗುವವರು ಎರಡು ಒಳ್ಳೆಯ ಮಾತನ್ನೂ ಆಡಿ ಹೋಗುತ್ತಾರೆ. ಆದರೆ ಅದೇ ನಾಲ್ವರು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಕೈಗೆತ್ತಿಕೊಳ್ಳಲಿ, "ಏನ್ರಮ್ಮಾ, ಮನೇಲಿ ಕೆಲಸ ಇಲ್ವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ನನ್ನ ತಕರಾರು ಈ ಪ್ರಶ್ನೆಯ ಮೇಲೆ. ಇದನ್ನು ಗಂಡಸರೇ ಕೇಳುತ್ತಾರೆ ಎಂದೇನೂ ಇಲ್ಲ. ಪಕ್ಕದ ಮನೆಯಾಕೆಯೂ ಕೇಳುತ್ತಾಳೆ, ಹೊಸದಾಗಿ ಕೆಲಸಕ್ಕೆ ಸೇರಿದ ಮಗಳೂ ಕೇಳುತ್ತಾಳೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ನಾವೇ ಕೇಳಿಕೊಳ್ಳುತ್ತೇವೆ. ಆಟದ ನಡುವೆ ಗಡಿಯಾರ ನೋಡಿ, "ಅಯ್ಯೋ, ಮೂರೂವರೆ ಆಯ್ತು, ನಲ್ಲಿ ನೀರು ಬರುತ್ತೆ" ಎಂದು ಎದ್ದು ಓಡುವ ನಮ್ಮ ಒಳಗೇ ಆ ಪ್ರಶ್ನೆ ಕೂತಿದೆ.

ಕೆಲಸದ ಲೆಕ್ಕ ಬೇಕಾದರೆ ಸರ್ಕಾರವೇ ತೆಗೆದಿಟ್ಟಿದೆ. ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು 2024ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಕೈಯನ್ನೇ ಹಾಕದ ಗಂಡಸರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ ಎನ್ನುವುದನ್ನು ಮರೆಯಬಾರದು. ಹೀಗಿದ್ದೂ ಅರಳಿಕಟ್ಟೆಯ ಮೇಲೆ ಬೆಳಗಿನಿಂದ ಹುಲಿಕಟ್ಟು ಆಡುವವರನ್ನು ಯಾರೂ ಕೆಲಸ ಇಲ್ಲವೇ ಎಂದು ಕೇಳುವುದಿಲ್ಲ. ಯುಗಾದಿ ಬಂದರೆ ತೋಟದಲ್ಲಿ, ಹುಣಸೆಮರದ ಕೆಳಗೆ ದುಡ್ಡು ಕಟ್ಟಿ ಇಸ್ಪೀಟು ಆಡುವವರಿಗೆ "ಹಬ್ಬ ಅಲ್ವಾ, ಆಡಲಿ ಬಿಡಿ" ಎಂಬ ರಿಯಾಯಿತಿ ಇದೆ. ದುಡ್ಡು ಕಟ್ಟಿದ ಆಟಕ್ಕೆ ಹಬ್ಬದ ಹೆಸರು, ಹುಣಸೆಬೀಜ ಉಜ್ಜಿ ಆಡುವ ಆಟಕ್ಕೆ ಸೋಮಾರಿತನದ ಹೆಸರು. ಇದು ಯಾವ ನ್ಯಾಯ?

ಇಷ್ಟಕ್ಕೂ ನಾವು ಕಳೆದುಕೊಳ್ಳುವುದು ಬರೀ ಒಂದು ಆಟವಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ನಮ್ಮ ಕೈಬಿಟ್ಟುಹೋಗುವುದು ಗೆಳತಿಯರು. ಬಲಸಮುದ್ರದಂಥ ಊರಿನಲ್ಲಿ ಜೊತೆಯಾಗಿ ಓದಿದ ಐದು ಹುಡುಗಿಯರಲ್ಲಿ ಒಬ್ಬಳು ಮಧುಗಿರಿಗೆ, ಒಬ್ಬಳು ಶಿರಾಕ್ಕೆ, ಒಬ್ಬಳು ಕೊರಟಗೆರೆಗೆ, ಇನ್ನೊಬ್ಬಳು ಪಾವಗಡಕ್ಕೆ ಮದುವೆಯಾಗಿ ಹೋಗುತ್ತಾಳೆ. ಹುಡುಗರಾದರೋ ಊರಲ್ಲೇ ಇರುತ್ತಾರೆ, ಇಲ್ಲವೇ ಹಬ್ಬಕ್ಕೆ ಬಂದಾಗ ಹಳೆಯ ಕಟ್ಟೆಗೇ ಹೋಗಿ ಕೂರುತ್ತಾರೆ. ಅವರ ಸ್ನೇಹಕ್ಕೊಂದು ಜಾಗವಿದೆ. ಹೆಂಗಸಿಗೆ ಮದುವೆಯಾದ ಮೇಲೆ ಸಿಗುವುದು ಗಂಡನ ಸ್ನೇಹಿತರ ಹೆಂಡತಿಯರು, ಮಕ್ಕಳ ಸಹಪಾಠಿಗಳ ತಾಯಂದಿರು. ಒಳ್ಳೆಯವರೇ ಇರಬಹುದು, ಆದರೆ ನಾವಾಗಿ ಆರಿಸಿಕೊಂಡವರಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ತಪ್ಪಿದಾಗ ಎಷ್ಟು ನಗೆಹನಿಗಳು ಹುಟ್ಟಿದವು, ನೆನಪಿದೆಯೇ? ದೇವಸ್ಥಾನಕ್ಕೆ ಹೋದವರನ್ನೂ ಬಿಡಲಿಲ್ಲ. ಇನ್ನು ಗೆಳತಿಯ ಮನೆಗೆ ಆಡಲಿಕ್ಕೆ ಹೋದೆ ಎಂದರೆ ಕೇಳಬೇಕೇ?

ಚೌಕಾಬಾರ ಆಡಿದವರಿಗೆ ಅದರಲ್ಲಿ ಏನಿದೆ ಎಂದು ಹೇಳಬೇಕಾಗಿಲ್ಲ. ಐದೈದು ಮನೆಗಳ ಐದು ಸಾಲು, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ನಾಲ್ಕು ಕವಡೆ. ಕವಡೆ ಇಲ್ಲದಿದ್ದರೆ ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆಬೀಜ. ಕಟ್ಟೆಮನೆಯಲ್ಲಿ ಕೂತ ಕಾಯನ್ನು ಯಾರೂ ಮುಟ್ಟುವಂತಿಲ್ಲ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ನಡುಮನೆ ಸೇರಿದ ಕಾಯಿ ಹಣ್ಣಾಯಿತು ಎನ್ನುತ್ತೇವೆ. ಈ ಮನೆಗಳ ಮೇಲೆ ಅತ್ತೆಯ ಕಾಯನ್ನು ಸೊಸೆ ಹೊಡೆಯಬಹುದು, ಹೊಡೆದು ನಗಬಹುದು. ಟೀಚರಮ್ಮನೂ ಅವರ ಮನೆಗೆ ಹಾಲು ಹಾಕುವಾಕೆಯೂ ಒಂದೇ ಕವಡೆಗೆ ತಲೆಬಾಗಬೇಕು. ಮನೆಯಲ್ಲಿ, ಬೀದಿಯಲ್ಲಿ, ಜಾತಿಯಲ್ಲಿ, ಸಂಬಳದಲ್ಲಿ ಮೇಲೆ ಕೆಳಗೆ ಇರುವವರು ಸರಿಸಮ ಕೂರುವ ಜಾಗ ನಮ್ಮಲ್ಲಿ ಎಷ್ಟಿವೆ? ಸರಿಸಮ ಕೂರದೆ ಸ್ನೇಹ ಹೇಗೆ ಹುಟ್ಟೀತು?

ಈಗ ಬೆಂಗಳೂರಿಗೆ ಬನ್ನಿ. ನಮ್ಮದೇ ಮಕ್ಕಳು ಅಲ್ಲಿ ಭಾನುವಾರ ಮೇಜಿನ ಸುತ್ತ ಕೂತು ಗಂಟೆಗಟ್ಟಲೆ ಆಡುತ್ತಾರೆ. ಅದಕ್ಕೆಂದೇ ತೆರೆದ ಕೆಫೆಗಳಿವೆ, ಕೂತದ್ದಕ್ಕೆ ದುಡ್ಡು ಕೊಡುತ್ತಾರೆ. ಅದನ್ನು ಹವ್ಯಾಸ ಎನ್ನುತ್ತೇವೆ, ಹೆಮ್ಮೆಯಿಂದ ನೆಂಟರಿಗೂ ಹೇಳುತ್ತೇವೆ. ಅಮ್ಮನ ಆಟ ಕೆಲಸಗೇಡಿತನ, ಮಗನ ಆಟ ಹವ್ಯಾಸ!

ಅವರು ಆಡುವುದರಲ್ಲಿ ರೋಲ್ ಪ್ಲೇಯಿಂಗ್ ಗೇಮ್ ಎಂಬ ಒಂದು ಬಗೆಯಿದೆ, ಪಾತ್ರ ಕಟ್ಟುವ ಆಟ ಎನ್ನೋಣ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಇದರ ಹಿರಿಯಕ್ಕ. ಒಬ್ಬರು ಕಥೆ ಹೇಳುತ್ತಾ ಹೋಗುತ್ತಾರೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಕಾಡಿನಲ್ಲಿ ದಾರಿ ಕವಲೊಡೆದಾಗ ಎತ್ತ ಹೋಗಬೇಕೆಂದು ಪಾತ್ರದವರೇ ಹೇಳಬೇಕು, ಕಳ್ಳನ ಮೇಲೆ ಬೀಸಿದ ಕತ್ತಿ ತಾಗಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಅದರ ಹೆಸರಾದ ದಾಳಕ್ಕೆ ಇಪ್ಪತ್ತು ಮುಖ. ಇದರಲ್ಲಿ ಗೆದ್ದವರು ಸೋತವರು ಎಂದು ಸಾಮಾನ್ಯವಾಗಿ ಇಲ್ಲ, ಎಲ್ಲರೂ ಸೇರಿ ಕಥೆಯನ್ನು ಮುಂದೆ ಒಯ್ಯುವುದೇ ಆಟ. 1980ರ ದಶಕದಲ್ಲಿ ಅಲ್ಲಿನ ಕೆಲವು ತಂದೆತಾಯಿಯರು ಈ ಆಟ ಮಕ್ಕಳನ್ನು ಹಾಳುಮಾಡುತ್ತದೆ, ಸೈತಾನನ ಪೂಜೆ ಕಲಿಸುತ್ತದೆ ಎಂದು ಗಲಾಟೆ ಎಬ್ಬಿಸಿದ್ದರು. ಆಟದ ಮೇಲಿನ ಅನುಮಾನ ನಮ್ಮ ಊರಿನದು ಮಾತ್ರವಲ್ಲ ಎನ್ನಲಿಕ್ಕೆ ಇದನ್ನು ಹೇಳಿದೆ.

ಒಂದು ದಸರಾ ರಜೆಯಲ್ಲಿ ನಮ್ಮ ಗೆಳತಿಯೊಬ್ಬಳ ಮಗಳು ಈ ಆಟವನ್ನು ನಮ್ಮ ಜಗುಲಿಗೆ ತಂದಳು. ಡ್ರ್ಯಾಗನ್ ಗೀಗನ್ ನಮಗೆ ಬೇಡವೆಂದು ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನೇ ಕಥೆಗೆ ಇಟ್ಟುಕೊಂಡೆವು. ಕೆಳಗೆ ಶತ್ರುಸೈನ್ಯ, ಮೇಲೆ ಕಡಿಮೆಯಾಗುತ್ತಿರುವ ನೀರು. ನಮ್ಮಲ್ಲಿ ಬಳೆ ಅಂಗಡಿಯವಳು ಗೂಢಚಾರಿಣಿಯಾದಳು, ನಿವೃತ್ತ ಟೀಚರು ಪಾಳೆಯಗಾರರಾದರು, ಬ್ಲೌಸ್ ಹೊಲಿಯುವ ಗೆಳತಿ ಹೆಬ್ಬಾಗಿಲ ಕಾವಲುಗಾತಿ. ಶತ್ರುವಿನ ದೂತ ಬಂದು ಚಿನ್ನದ ಆಸೆ ತೋರಿಸಿ ಬೀಗದ ಕೈ ಕೇಳಿದಾಗ ದಾಳ ಹಾಕಿಸಿದರು, ಬಿದ್ದದ್ದು ಮೂರು. ಮನಸ್ಸು ಸೋಲಬೇಕೆಂದು ಲೆಕ್ಕ. ಅವಳು ದಾಳವನ್ನು ಆಚೆ ತಳ್ಳಿ, "ಇದು ಏನಾದರೂ ಹೇಳಲಿ, ಬೀಗದ ಕೈ ನಾನು ಕೊಡುವುದಿಲ್ಲ" ಎಂದಳು. ಇಪ್ಪತ್ತು ವರ್ಷದ ಪರಿಚಯದಲ್ಲಿ ಅವಳ ಬಾಯಿಂದ 'ಕೊಡುವುದಿಲ್ಲ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಹೊಲಿಗೆಯ ಬಾಕಿಯನ್ನೂ ಗಟ್ಟಿಯಾಗಿ ಕೇಳದವಳು ಅವಳು.

ಮಾರನೆಯ ದಿನದಿಂದ ಅವಳು ಧೀರೆಯಾದಳು, ಬಾಕಿಯನ್ನೆಲ್ಲ ವಸೂಲು ಮಾಡಿದಳು ಎಂದು ನಾನು ಬರೆದರೆ ಕೆಲವರಿಗೆ ಸಮಾಧಾನವಾದೀತು. ಹಾಗೇನೂ ಆಗಲಿಲ್ಲ. ಬಾಕಿ ಹಾಗೇ ಇದೆ. ಆದರೆ ಆ ಸಂಜೆ ಅವಳ ಮುಖ ಅರಳಿದ್ದನ್ನು ನಾವೆಲ್ಲ ನೋಡಿದೆವು. ಅಷ್ಟು ಸಾಲದೇ?

ಇನ್ನೊಬ್ಬರ ಪಾತ್ರ ಹೊರುವುದು ಈ ನೆಲಕ್ಕೆ ಹೊಸದಲ್ಲ. ನಮ್ಮ ತುಮಕೂರು ಸೀಮೆ ಮೂಡಲಪಾಯ ಬಯಲಾಟದ ಸೀಮೆ, 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ಸೀಮೆ. ಆದರೆ ಬಯಲಾಟದಲ್ಲಿ ದ್ರೌಪದಿಯ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು, ಹೆಂಗಸರು ಚಾಪೆ ಹಾಸಿಕೊಂಡು ನೋಡುತ್ತಿದ್ದರು. ಇದನ್ನು ತಿರುವಿಹಾಕಿದವರು ಆರ್. ನಾಗರತ್ನಮ್ಮ. 1958ರಲ್ಲಿ ಹೆಂಗಸರದೇ ಆದ ಸ್ತ್ರೀ ನಾಟಕ ಮಂಡಳಿ ಕಟ್ಟಿ ತಾವೇ ಕಂಸನಾಗಿ, ರಾವಣನಾಗಿ ರಂಗದ ಮೇಲೆ ಗುಡುಗಿದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರಂತೆ ಎಲ್ಲರೂ ರಂಗ ಹತ್ತುವುದು ಸಾಧ್ಯವಿಲ್ಲ. ಜಗುಲಿಯ ಮೇಲೆ ಒಂದು ಸಂಜೆ ಕೋಟೆಯ ಕಾವಲುಗಾತಿಯಾಗುವುದು ಎಲ್ಲರಿಗೂ ಸಾಧ್ಯ.

ಇನ್ನು ಧರ್ಮರಾಯನ ಪಗಡೆಯನ್ನು ನೆನಪಿಸುವವರು ಇದ್ದಾರೆ. ಆಟ ಆಡಿ ಮನೆ ಹಾಳಾಯಿತಲ್ಲ ಎನ್ನುತ್ತಾರೆ. ಸ್ವಾಮಿ, ಆ ಸಭೆಯಲ್ಲಿ ಆಡಿದವರು ಗಂಡಸರು, ದ್ರೌಪದಿ ಆಡಲಿಲ್ಲ, ಅವಳನ್ನು ಪಣಕ್ಕೆ ಇಟ್ಟರು. ಅವರಾಡಿದ ಜೂಜಿಗೆ ನಮ್ಮ ಕವಡೆ ಯಾಕೆ ದಂಡ ಕಟ್ಟಬೇಕು? ಎಲ್ಲೋರದ ಗುಹೆಗಳಲ್ಲಿ ಶಿವನ ಎದುರು ಪಾರ್ವತಿ ಕೂತು ಪಗಡೆಯಾಡುವ ಶಿಲ್ಪವಿದೆ. ಆ ಶಿಲ್ಪಿಗಳಿಗೆ ಅದು ಅಪಚಾರವೆನಿಸಲಿಲ್ಲ.

ನನಗೆ ಇವರಿಗಿಂತ ಹೆಚ್ಚು ಭಯ ನಮ್ಮ ಹಿತೈಷಿಗಳದು. ಚೌಕಾಬಾರ ಆಡಿದರೆ ಲೆಕ್ಕ ಚುರುಕಾಗುತ್ತದೆ, ಅಳಗುಳಿಮಣೆಯಿಂದ ಮರೆವು ದೂರವಾಗುತ್ತದೆ, ನಮ್ಮ ಸಂಸ್ಕೃತಿ ಉಳಿಯುತ್ತದೆ ಎಂದು ಇವರು ಭಾಷಣ ಮಾಡುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸಹೊಸ ಆಟಗಳನ್ನು ಕಟ್ಟಿದರು, ಅವರ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ ಕೌತುಕನಿಧಿ ಎಂಬ ಭಾಗವಿದೆ ಎಂದು ನೆನಪಿಸುತ್ತಾರೆ. ಅದೆಲ್ಲ ನಿಜವೇ, ಸಂತೋಷವೇ. ಆದರೆ ಒಡೆಯರು ಮರೆವಿಗೆ ಮದ್ದೆಂದು ಆಡಲಿಲ್ಲ, ಕೌತುಕಕ್ಕೆ ಆಡಿದರು. ಆ ಭಾಗದ ಹೆಸರೇ ಅದು. ಹೆಂಗಸರ ಆಟಕ್ಕೆ ಮಾತ್ರ ಔಷಧಿಯ ಚೀಟಿ ಯಾಕೆ ಬೇಕು? ಹೆಂಗಸರು ಏನು ಮಾಡಿದರೂ ಅದರಿಂದ ಯಾರಿಗಾದರೂ ಉಪಯೋಗವಾಗಬೇಕು ಎಂಬ ಹಳೆಯ ಶರತ್ತೇ ಇಲ್ಲಿಯೂ ಇದೆ, ಬಣ್ಣ ಮಾತ್ರ ಬೇರೆ. ಕಪಾಟಿನಲ್ಲಿಟ್ಟ ಹಿತ್ತಾಳೆಯ ಅಳಗುಳಿಮಣೆಗೆ ನಮಸ್ಕಾರ ಮಾಡಿ, ಆಡುತ್ತಾ ಕೂತ ಹೆಂಗಸನ್ನು ಗದರುವವರ ಸಂಸ್ಕೃತಿ ನನಗೆ ಬೇಡ.

ಆದ್ದರಿಂದ ಗೆಳತಿಯರೇ, ವಾರಕ್ಕೆ ಒಂದು ಮಧ್ಯಾಹ್ನ, ಎರಡು ಗಂಟೆ ಹೊತ್ತು ಗೊತ್ತುಮಾಡಿಕೊಳ್ಳಿ. ಚೀಟಿ ದುಡ್ಡಿನ ನೆಪ ಬೇಡ, ವ್ರತದ ನೆಪ ಬೇಡ. ಆಟಕ್ಕೆ ಕೂರುತ್ತೇವೆ ಎಂದೇ ಮನೆಯಲ್ಲಿ ಹೇಳಿ. ಆ ಎರಡು ಗಂಟೆ ಒಲೆಯನ್ನು, ನಲ್ಲಿಯನ್ನು ಮನೆಯವರು ನೋಡಿಕೊಳ್ಳಲಿ. 88 ನಿಮಿಷಕ್ಕೆ ವಾರಕ್ಕೊಮ್ಮೆ 120 ನಿಮಿಷ ಸೇರಿದರೆ ಯಾರ ಬೆನ್ನೂ ಮುರಿಯುವುದಿಲ್ಲ. ಹಾದಿಯಲ್ಲಿ ಹೋಗುವವರು ಕೆಲಸ ಇಲ್ಲವೇ ಎಂದು ಕೇಳಿದರೆ ಸಿಟ್ಟಾಗಬೇಡಿ, ಕಾರಣವನ್ನೂ ಕೊಡಬೇಡಿ. "ಇದೆ, ಬೇಕಾದಷ್ಟಿದೆ. ಈಗ ಆಡುತ್ತಿದ್ದೇವೆ" ಎಂದು ಹೇಳಿ ಕವಡೆ ಹಾಕಿ.